ಬಳ್ಳಾರಿಯ 583101 ಒಡೆಯುವ ಬಗೆ

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಪದ್ಧತಿಯಲ್ಲಿ ಬಳ್ಳಾರಿಗೆ 583101, ಸಿರುಗುಪ್ಪಕ್ಕೆ 583121, ಕುರುಗೋಡಿಗೆ 583116 ದಕ್ಕಿವೆ. ವಿಳಾಸದ ಕೊನೆಗೆ ಗೀಚಿ ಮರೆಯುವ ಈ ಸಂಖ್ಯೆಗಳನ್ನು ಒಡೆಯಲು ಕೂತರೆ ಅಪವರ್ತನ ಗಣಿತ ಬೆಳೆದು ಬಂದ ದಾರಿಯೇ ಸಿಗುತ್ತದೆ. ಅಲ್ಲಿ ಎಲ್ಲರೂ ಹುಡುಕಿದ್ದು ಒಂದನ್ನೇ: ಭಾಗಾಕಾರ ತಪ್ಪಿಸುವ ಉಪಾಯ.

ಸಿರುಗುಪ್ಪ ಸುಲಭ. 7, 11, 13ರ ಗುಣಲಬ್ಧ 1001. ಹಾಗಾಗಿ ಸಂಖ್ಯೆಯನ್ನು ನಡುವೆ ಸೀಳಿ, 583ರಲ್ಲಿ 121 ಕಳೆದು ನೋಡಿದರಾಯಿತು. ಉಳಿಯುವ 462 ಏಳಕ್ಕೂ ಹನ್ನೊಂದಕ್ಕೂ ಭಾಗವಾಗುತ್ತದೆ, ಹದಿಮೂರಕ್ಕೆ ಆಗದು. ಇಡೀ ಸಂಖ್ಯೆಯ ಗುಣವೂ ಅದೇ. ಅದು 7 × 11 × 7573.

1001ರಂತೆ ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಸಂಖ್ಯೆಗಳ ಮೋಹ ಈ ನಾಡಿಗೆ ಹಳೆಯದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಹಾರಗಳನ್ನೇ ಪೋಣಿಸಿದ. 152207ನ್ನು 73ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು: 11111111. ಇದನ್ನು ಬರಿಯ ಆಟವೆಂದು ತಳ್ಳಿಹಾಕುವವರಿದ್ದಾರೆ. ಆ ಎಂಟು ಒಂದುಗಳನ್ನು ಒಡೆದು ನೋಡದೆ 73 ಕೈಗೆ ಸಿಕ್ಕೀತೇ?

ಬಳ್ಳಾರಿಯದು ಸ್ವಲ್ಪ ಹಟಮಾರಿ. ಅಂಕಿಗಳ ಮೊತ್ತ 18, ಆದ್ದರಿಂದ 9 ಹೊರಬೀಳುತ್ತದೆ. ಉಳಿದ 64789ನ್ನು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋದರೆ 67 ಬರುವವರೆಗೂ ಶೇಷ ಉಳಿಯುತ್ತಲೇ ಇರುತ್ತದೆ. ನಾರಾಯಣ ಪಂಡಿತ 1356ರ ‘ಗಣಿತಕೌಮುದಿ’ಯಲ್ಲಿ ತೋರಿಸಿದ ದಾರಿ ಬೇರೆ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. ವರ್ಗಮೂಲಕ್ಕೆ ತುಸು ಮೇಲಿನ 764ರಿಂದ ಒಂದೊಂದಾಗಿ ಮೇಲೇರಿ ವರ್ಗಿಸಿ, 583101 ಕಳೆದು, ಉಳಿದದ್ದು ಪೂರ್ಣ ವರ್ಗವೇ ಎಂದು ನೋಡಬೇಕು. 785ಕ್ಕೆ ಬಂದಾಗ 616225ರಲ್ಲಿ ಕಳೆದು 33124 ಉಳಿಯುತ್ತದೆ. ಅದು 182ರ ವರ್ಗ. ಇನ್ನೇನು, 785ರಲ್ಲಿ 182 ಕಳೆದರೆ 603, ಕೂಡಿದರೆ 967. ಇವೆರಡರ ಗುಣಲಬ್ಧವೇ ಬಳ್ಳಾರಿ. ಫ್ರೆಂಚ್ ಗಣಿತಜ್ಞ ಫರ್ಮಾ ಇದೇ ದಾರಿಯನ್ನು ಬರೆದದ್ದು 1643ರಲ್ಲಿ. ಪಠ್ಯಪುಸ್ತಕಗಳಲ್ಲಿ ಹೆಸರು ಮಾತ್ರ ಅವನದೇ.

ಕುರುಗೋಡಿನಲ್ಲಿ 12 ತೆಗೆದರೆ 48593 ಉಳಿಯುತ್ತದೆ. ಅದರ ವರ್ಗಮೂಲ 220ಕ್ಕೆ ತುಸು ಮೇಲೆ. ಅಷ್ಟರೊಳಗಿನ 47 ಅವಿಭಾಜ್ಯಗಳಲ್ಲಿ ಒಂದೂ ಅದನ್ನು ಭಾಗಿಸದು. ಅಂದಮೇಲೆ ಅದು ಅವಿಭಾಜ್ಯವೇ. ಸಂಖ್ಯೆ ದೊಡ್ಡದಾದಷ್ಟೂ ಈ ಶ್ರಮ ಮಿತಿಮೀರುತ್ತದೆ. ಅಪವರ್ತನ ಹುಡುಕದೆಯೇ ಅವಿಭಾಜ್ಯ ಹೌದೋ ಅಲ್ಲವೋ ಎಂದು ಖಚಿತವಾಗಿ, ಅಂಕಿಗಳ ಸಂಖ್ಯೆಗೆ ಹದವಾದ ಸಮಯದಲ್ಲಿ ಹೇಳುವ ವಿಧಾನವನ್ನು 2002ರಲ್ಲಿ ಕೊಟ್ಟವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ.

ಒಡೆಯುವ ಕೆಲಸಕ್ಕೆ ಮಾತ್ರ ಅಂಥ ಭಾಗ್ಯ ಬಂದಿಲ್ಲ. ಆ ಕಷ್ಟವನ್ನೇ ನೆಚ್ಚಿ 1977ರಲ್ಲಿ ಆರ್‌ಎಸ್‌ಎ ಗೂಢಲಿಪಿ ಹುಟ್ಟಿತು. ಅಂದು ಸವಾಲಾಗಿ ಒಡ್ಡಿದ 129 ಅಂಕಿಗಳ ಸಂಖ್ಯೆ 1994ರಲ್ಲಿ ಒಡೆಯಿತು. ಒಡೆದದ್ದು ಕಾರ್ಲ್ ಪೊಮರೆನ್ಸ್ 1981ರಲ್ಲಿ ರೂಪಿಸಿದ ‘ಜರಡಿ’ ವಿಧಾನ. ಅದರ ಬೇರು ವರ್ಗಗಳ ವ್ಯತ್ಯಾಸದ ಉಪಾಯದಲ್ಲೇ ಇದೆ. 250 ಅಂಕಿಗಳದ್ದು 2020ರಲ್ಲಿ ಇನ್ನೊಂದು ಜರಡಿಗೆ ಸಿಕ್ಕಿತು. 617 ಅಂಕಿಗಳ ಆರ್‌ಎಸ್‌ಎ-2048 ಇನ್ನೂ ಇಡಿಯಾಗಿಯೇ ಇದೆ.