ತೋಟದ ಸುದ್ದಿ ಹೇಳುವವರು ಯಾರು?

ಶ್ರೀನಿವಾಸಪುರ ಕಡೆಯ ಮಾವಿನ ತೋಟಗಳಲ್ಲಿ ಈಗ ಹೂವು ಬಿಟ್ಟ ಸುದ್ದಿ ಮೊದಲು ಮೊಬೈಲಿಗೆ ಬರುತ್ತದೆ. ಇಪ್ಪತ್ತೈದು, ಮೂವತ್ತರ ಹುಡುಗರು ಮರದ ಕೆಳಗೆ ನಿಂತು ಜಿಗಿಹುಳು ತೋರಿಸುತ್ತಾರೆ, ಬೂದಿರೋಗ ತೋರಿಸುತ್ತಾರೆ, ಮೇ ತಿಂಗಳಲ್ಲಿ ಬಾದಾಮಿ ಹಣ್ಣಿನ ಪೆಟ್ಟಿಗೆ ಕಟ್ಟುವುದನ್ನೂ ತೋರಿಸುತ್ತಾರೆ. ನೋಡುವವರಿಗೆ ಇದೆಲ್ಲ ಹೊಸದು ಅನ್ನಿಸಬಹುದು. ಆದರೆ ಹಣ್ಣಿನ ಬೆಳೆಯನ್ನು ಜನರ ಮುಂದೆ ಇಡುವ ಕೆಲಸಕ್ಕೆ ನಮ್ಮ ನಾಡಿನಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ. ಅಷ್ಟೂ ವರ್ಷ ಬದಲಾಗುತ್ತ ಬಂದದ್ದು ಒಂದೇ: ಮಾತಾಡುವವರು ಯಾರು ಎಂಬುದು.

ಮೊದಲು ಮಾತಾಡಿದ್ದು ಸರ್ಕಾರಿ ತೋಟ. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳು ಆ ಸಂಘದ ಹೆಸರಿನೊಂದಿಗೆ ಬೆಳೆದವು. ಪೇಟೆಯ ಜನ ಸಾಲುಗಟ್ಟಿ ಬಂದು ಗಾಜಿನ ಮನೆಯಲ್ಲಿ ಹಣ್ಣು, ಹೂವು ನೋಡಿದರು. ಅಲ್ಲಿ ಕಾಣುತ್ತಿದ್ದದ್ದು ಫಸಲಿನ ಅಂದ. ಅದರ ಹಿಂದಿನ ಸಾಲ, ನೀರಿನ ಚಿಂತೆ, ಆಲಿಕಲ್ಲು ಮಳೆಗೆ ಪ್ರದರ್ಶನದಲ್ಲಿ ಜಾಗವಿರಲಿಲ್ಲ.

ಎರಡನೆಯದು ಮಳಿಗೆ. ಡಾ. ಎಂ.ಎಚ್. ಮರಿಗೌಡರ ಕಾಲದಲ್ಲಿ, 1959ರಲ್ಲಿ, ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡರು. ಮುಂದೆ ಅದೇ ಹಾಪ್‌ಕಾಮ್ಸ್ ಆಯಿತು. ಮಂಡಿಯ ದಲ್ಲಾಳಿಯನ್ನು ಬಿಟ್ಟು ಬೆಳೆಗಾರನ ಹಣ್ಣು ನೇರವಾಗಿ ಬೀದಿಯ ಮಳಿಗೆಗೆ ಬಂದದ್ದು ಸಣ್ಣ ಮಾತಲ್ಲ. ಆದರೂ ಮಳಿಗೆಯ ಹಲಗೆಯ ಮೇಲೆ ಹಣ್ಣಿನ ದರ ಇರುತ್ತಿತ್ತು, ಬೆಳೆದವರ ಹೆಸರು ಇರುತ್ತಿರಲಿಲ್ಲ.

ಮೂರನೆಯದು ರೇಡಿಯೋ. 1966ರಲ್ಲಿ ಆಕಾಶವಾಣಿ ಕೃಷಿ ಮತ್ತು ಗೃಹ ವಿಭಾಗಗಳನ್ನು ಆರಂಭಿಸಿತು. ಸಂಜೆ ದನ ಕಟ್ಟಿ ಬಂದವರು ಜಗಲಿಯಲ್ಲಿ ಕೂತು ಕೇಳಿದರು. ರೈತನ ದನಿಯೂ ಅದರಲ್ಲಿ ಬಂತು, ನಿಜ. ಆದರೆ ಬಹುಮಟ್ಟಿಗೆ ಪ್ರಶ್ನೆ ರೈತನದು, ಉತ್ತರ ಅಧಿಕಾರಿಯದು.

ಈ ಕ್ರಮ ತಿರುಗಿದ್ದು 1988ರಲ್ಲಿ. ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಕೃಷಿಕರ ಕೈಗೇ ಲೇಖನಿ ಕೊಡಬೇಕು ಎಂಬುದು ಅದರ ನಿಲುವು. ಶ್ರೀ ಪಡ್ರೆಯವರಂಥ ಪತ್ರಕರ್ತರು ತೋಟಕ್ಕೆ ಹೋಗಿ ನೋಡಿ ಬರೆದರು, ಬೆಳೆಗಾರರಿಗೂ ಬರೆಯಲು ಕಲಿಸಿದರು. ಬಿದ್ದು ಕೊಳೆಯುತ್ತಿದ್ದ ಹಲಸಿಗೆ ಬೆಲೆಯಿದೆ ಎಂದು ಆ ಪತ್ರಿಕೆ ವರ್ಷಗಟ್ಟಲೆ ಹೇಳಿತು. ಪತ್ರಿಕೋದ್ಯಮ ಓದಿದ ನಮಗೆ ತರಗತಿಯಲ್ಲಿ ಸಿಕ್ಕದ ಒಂದು ಪಾಠ ಅಲ್ಲಿತ್ತು. ಕೃಷಿ ವರದಿಯ ಕೊನೆಗೆ ಬೆಳೆಗಾರನ ಫೋನ್ ನಂಬರ್ ಹಾಕುತ್ತಾರಲ್ಲ, ಅದೇ ಬರೆದವನಿಗೆ ದೊಡ್ಡ ಲಗಾಮು. ಸುಳ್ಳು ಬರೆದರೆ ಮರುದಿನವೇ ಓದುಗ ಫೋನ್ ಮಾಡಿ ಕೇಳುತ್ತಾನೆ.

ಅರ್ಧ ಸತ್ಯದ ಬೆಲೆ ಎಷ್ಟೆಂದು ದಾಳಿಂಬೆಯಲ್ಲಿ ಕಂಡಿದ್ದೇವೆ. ಉತ್ತರ ಕರ್ನಾಟಕದ ಒಣನೆಲಕ್ಕೆ ದಾಳಿಂಬೆ ಬಂಗಾರದ ಬೆಳೆ ಎಂಬ ಸುದ್ದಿ ಹಬ್ಬಿತು. ಒಬ್ಬರ ಯಶಸ್ಸು ನೋಡಿ ಇನ್ನೊಬ್ಬರು ಸಸಿ ತಂದರು. 2000ರ ದಶಕದಲ್ಲಿ ದುಂಡಾಣು ಅಂಗಮಾರಿ ಬಂದಾಗ ತೋಟ ತೋಟಗಳೇ ಹಾಳಾದವು. ರೋಗ ಹೊತ್ತ ಸಸಿಯಿಂದಲೂ ಅದು ಹರಡುತ್ತದೆ. ಲಾಭದ ಲೆಕ್ಕ ಊರೂರು ಸುತ್ತಿದಷ್ಟು ಬೇಗ ರೋಗದ ಲಕ್ಷಣ, ಸಸಿ ಆರಿಸುವ ಎಚ್ಚರ ಸುತ್ತಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಮಂಡಿಗೆ ಹಣ್ಣು ಸಾಗಿಸುವುದೇ ಕಷ್ಟವಾಯಿತು. ಆಗ ಮೊಬೈಲೇ ಮಳಿಗೆಯಾಯಿತು. ದ್ರಾಕ್ಷಿ, ಕಲ್ಲಂಗಡಿ, ಮಾವು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಗಿಲಿಗೆ ಹೋದವು. ಮಾವಿನ ಪೆಟ್ಟಿಗೆಯನ್ನು ಅಂಚೆಯವರೂ ಹೊತ್ತರು. ಅಪ್ಪಂದಿರು ಮರದ ಮೇಲಿನ ಫಸಲನ್ನೇ ಗುತ್ತಿಗೆ ಕೊಟ್ಟು ಸುಮ್ಮನಿದ್ದರೆ, ಮಕ್ಕಳು ಹಣ್ಣು ತಿನ್ನುವವರ ಹೆಸರು, ವಿಳಾಸ ಬರೆದುಕೊಳ್ಳತೊಡಗಿದರು. ಬೆಳೆದವರಿಗೂ ತಿನ್ನುವವರಿಗೂ ಮುಖ ಪರಿಚಯವಾಯಿತು.

ಆದರೆ ಎಲ್ಲ ಹಣ್ಣೂ ಪೆಟ್ಟಿಗೆಯಲ್ಲಿ ಹೋಗುವುದಿಲ್ಲ. ಕೋಲಾರದ ತೋತಾಪುರಿ ಹೆಚ್ಚಾಗಿ ತಿರುಳು ತೆಗೆಯುವ ಕಾರ್ಖಾನೆಗೆ ಹೋಗುವ ಹಣ್ಣು, ಆ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಗಡಿಯಾಚೆ ಚಿತ್ತೂರು ಭಾಗದಲ್ಲಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ಮೊದಲೇ ಬಿದ್ದಿದ್ದ ಬೆಲೆ ಇನ್ನೂ ಕುಸಿಯಿತು. ಬೆಳೆಗಾರರು ಹಣ್ಣನ್ನು ರಸ್ತೆಗೆ ಸುರಿದರು. ಅಪಾರ್ಟ್‌ಮೆಂಟಿನ ಗ್ರಾಹಕರು ಎಷ್ಟೇ ಒಳ್ಳೆಯವರಾದರೂ ಟನ್‌ಗಟ್ಟಲೆ ತೋತಾಪುರಿ ಕೊಳ್ಳಲಾರರು. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕದಲ್ಲಿ 2.5 ಲಕ್ಷ ಟನ್‌ವರೆಗಿನ ಮಾವಿಗೆ ನೆರವು ಒಪ್ಪಿತು.

ಆ ದಿನಗಳಲ್ಲಿ ಮೊಬೈಲಿನಿಂದ ಹಣ್ಣು ಮಾರಾಟವಾಗಲಿಲ್ಲ, ಆದರೆ ರಸ್ತೆಗೆ ಬಿದ್ದ ಫಸಲು ಊರಿಗೆಲ್ಲ ಕಂಡಿತು. ಹೂವು ಬಿಟ್ಟ ದಿನದಿಂದ ಆ ಮರಗಳನ್ನು ನೋಡುತ್ತ ಬಂದವರಿಗೆ ಅದು ಯಾರದೋ ರೈತರ ಸುದ್ದಿಯಾಗಿರಲಿಲ್ಲ, ಪರಿಚಯದ ಹುಡುಗನ ತೋಟದ ಸುದ್ದಿಯಾಗಿತ್ತು. ಫಲಪುಷ್ಪ ಪ್ರದರ್ಶನದಲ್ಲಿ ಜಾಗ ಸಿಗದ ನಷ್ಟಕ್ಕೆ ಕಡೆಗೂ ಜಾಗ ಸಿಕ್ಕಿತು.

ಹಾಗಾಗಿ ತೋಟದಲ್ಲಿ ಮೊಬೈಲ್ ಹಿಡಿದು ನಿಂತ ತಮ್ಮಂದಿರಿಗೆ, ತಂಗಿಯರಿಗೆ ನಮ್ಮ ಮಾತು ಇಷ್ಟೇ. ಪೆಟ್ಟಿಗೆ ಕಟ್ಟುವುದನ್ನು ತೋರಿಸಿ, ಕಾಯಿ ಉದುರಿದ್ದನ್ನೂ ತೋರಿಸಿ. ಬಂದ ದುಡ್ಡು ಹೇಳುವಾಗ ಔಷಧಿ, ಕೂಲಿ, ಸಾಗಣೆಯ ಖರ್ಚನ್ನೂ ಹೇಳಿ. ನಿಮ್ಮನ್ನು ನಂಬಿ ಮುಂದಿನ ಮಳೆಗಾಲಕ್ಕೆ ಸಸಿ ಕೊಳ್ಳುವ ಒಬ್ಬರು ಎಲ್ಲೋ ಕೂತು ನೋಡುತ್ತಿರುತ್ತಾರೆ. ಬರೆಯುವ ನಮಗೂ ಇದೇ ಲೆಕ್ಕ ಅನ್ವಯಿಸುತ್ತದೆ.