ಒಂದು ಗಣಕ, ಹಲವು ಒಡೆಯರು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದಿರಿಸಿದ ವೀರಗಲ್ಲೊಂದಿದೆ. ಗಂಗ ಅರಸ ಎರೆಯಪ್ಪನ ಕಾಲದ ಈ ಕಲ್ಲು ಮೊದಲು ಯುದ್ಧದಲ್ಲಿ ಮಡಿದ ನಾಗತ್ತರನ ಸಾಹಸವನ್ನು ಹೇಳುತ್ತದೆ. ಬಳಿಕ ಇರುಗ ಎಂಬಾತನಿಗೆ ನಾಗತ್ತರ ಪಟ್ಟ ಕಟ್ಟಿ ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ಕೊಟ್ಟ ವಿಷಯವನ್ನು ದಾಖಲಿಸುತ್ತದೆ. ಬೆಂಪೂರೇ ಇಂದಿನ ಬೇಗೂರು. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿರುವುದು ಗಮನಾರ್ಹ. ಅರಸ ಕೊಟ್ಟದ್ದು ರಾಜ್ಯವನ್ನಲ್ಲ, ಎಲ್ಲೆ ಗೊತ್ತಿರುವ ಒಂದು ಪಾಲನ್ನು.

ಇಂದು ಬೇಗೂರಿನ ಸುತ್ತ ಎದ್ದಿರುವ ವಸತಿ ಸಮುಚ್ಚಯಗಳಲ್ಲಿ ಗಣಕ ಉದ್ಯಮವನ್ನೇ ನಂಬಿದ ಕುಟುಂಬಗಳು ಸಾಕಷ್ಟಿವೆ. ಆ ಉದ್ಯಮವನ್ನೂ ಇದೇ ಬಗೆಯ ಪ್ರಶ್ನೆಯೊಂದು ಅರವತ್ತು ವರ್ಷಗಳಿಂದ ಕಾಡುತ್ತಿದೆ. ಹತ್ತಾರು ಜನ ಹಂಚಿಕೊಂಡಿರುವ ದೊಡ್ಡ ಗಣಕದಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಯಂತ್ರ ಬೇಕು. ಇಡೀ ಗಣಕದ ಬೀಗದ ಕೈಯನ್ನು ಒಪ್ಪಿಸದೆ ಅದನ್ನು ಕೊಡುವುದು ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕ ಕೇಂದ್ರ ಸ್ಥಾಪನೆಯಾದದ್ದು 1970ರಲ್ಲಿ. ಅಲ್ಲಿಗೆ ಬಂದ ಐಬಿಎಂ 360/44 ಯಂತ್ರ ಇಡೀ ಸಂಸ್ಥೆಗೆ ಸಾಮಾನ್ಯ ಸೊತ್ತು. ಅಂಥ ಯಂತ್ರಗಳ ಕಾಲದಲ್ಲಿ ಬಳಕೆದಾರ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕೊಟ್ಟು, ಸರದಿ ಬರುವವರೆಗೆ ಕಾಯಬೇಕಿತ್ತು. ಯಂತ್ರವನ್ನು ಮುಟ್ಟುವ ಹಕ್ಕು ನಿರ್ವಾಹಕರಿಗೆ ಮಾತ್ರ.

ಅಷ್ಟರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದ ಎಂಜಿನಿಯರುಗಳು ಬೇರೊಂದು ದಾರಿ ಕಂಡುಕೊಂಡಿದ್ದರು. 1960ರ ದಶಕದ ನಡುವೆ ಅವರು ರೂಪಿಸಿದ ಸಿಪಿ-40 ಎಂಬ ತಂತ್ರಾಂಶ ಒಂದೇ ಗಣಕವನ್ನು ಹಲವು ಗಣಕಗಳೆಂಬಂತೆ ತೋರಿಸುತ್ತಿತ್ತು. ಪ್ರತಿಯೊಬ್ಬನಿಗೂ ತನ್ನದೇ ಸ್ಮೃತಿ, ತನ್ನದೇ ಡಿಸ್ಕು ಇರುವ ಭಾವನೆ. ಇದೇ ವರ್ಚುವಲ್ ಮಷೀನ್, ಅಂದರೆ ತೋರಿಕೆಯ ಯಂತ್ರ. 1972ರಲ್ಲಿ ಇದು ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಯಾರಿಗೆ ಎಷ್ಟು ಸ್ಮೃತಿ, ಯಾವ ಡಿಸ್ಕು ಎಂಬುದನ್ನು ನಿರ್ವಾಹಕ ಒಂದು ಪಟ್ಟಿಯಲ್ಲಿ ಬರೆದಿಡುತ್ತಿದ್ದ. ಅಧಿಕಾರಗಳನ್ನು ‘ಎ’ಯಿಂದ ಮೊದಲ್ಗೊಂಡು ದರ್ಜೆಗಳಾಗಿ ವಿಂಗಡಿಸಲಾಗಿತ್ತು. ಸಾಮಾನ್ಯ ಬಳಕೆದಾರನದು ‘ಜಿ’ ದರ್ಜೆ. ಅವನು ತನ್ನ ಯಂತ್ರವನ್ನು ತಾನೇ ಚಾಲೂ ಮಾಡಬಹುದು, ನಿಲ್ಲಿಸಬಹುದು, ನೆರೆಯವನದನ್ನು ಮುಟ್ಟುವಂತಿಲ್ಲ.

ಮುಂದೆ ಬಂದ ಯುನಿಕ್ಸ್ ಹಾಗೂ 1991ರಲ್ಲಿ ಹುಟ್ಟಿದ ಲಿನಕ್ಸ್ ಈ ದರ್ಜೆಗಳ ಸಂಪ್ರದಾಯವನ್ನು ಮುಂದುವರಿಸಲಿಲ್ಲ. ಅಲ್ಲಿ ಮೂಲತಃ ಎರಡೇ ಜಾತಿ: ಎಲ್ಲವನ್ನೂ ಮಾಡಬಲ್ಲ ‘ರೂಟ್’ ಮತ್ತು ಉಳಿದವರು. ಮೇಲಾಗಿ ಲಿನಕ್ಸ್ ಓಡುತ್ತಿದ್ದ ಅಗ್ಗದ ಇಂಟೆಲ್ ಚಿಪ್ಪುಗಳು ತೋರಿಕೆಯ ಯಂತ್ರಕ್ಕೆ ಹೇಳಿ ಮಾಡಿಸಿದವಾಗಿರಲಿಲ್ಲ. 1998ರಲ್ಲಿ ಆರಂಭವಾದ ವಿಎಂವೇರ್ ಕಂಪೆನಿ ಜಾಣ ತಂತ್ರಗಳಿಂದ ಈ ತೊಡಕನ್ನು ದಾಟಿತು. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಕಂಪೆನಿಗಳು ಚಿಪ್ಪಿನಲ್ಲೇ ಇದಕ್ಕೆ ಅನುಕೂಲ ಕಲ್ಪಿಸಿದವು. ಅದನ್ನು ಬಳಸಿಕೊಂಡು ಏವಿ ಕಿವಿಟಿ ಬರೆದ ಕೆವಿಎಂ 2007ರ ಫೆಬ್ರುವರಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಸೇರಿತು. ಅಲ್ಲಿಂದ ಮುಂದೆ ತೋರಿಕೆಯ ಯಂತ್ರವೆಂದರೆ ಲಿನಕ್ಸ್‌ನ ಲೆಕ್ಕದಲ್ಲಿ ಇತರ ಕೆಲಸಗಳಂತೆಯೇ ಇನ್ನೊಂದು ಕೆಲಸ.

ಹಾಗಾದಾಗ ಎದುರಾದ ಮೊದಲ ಪ್ರಶ್ನೆ ಪಾಲಿನದು. ಕೆರೆಯ ನೀರನ್ನು ಗದ್ದೆಗಳಿಗೆ ಹರಿಸುವ ನೀರಗಂಟಿಯಂತೆ ಕರ್ನಲ್ ಸಂಸ್ಕಾರಕದ ಸಮಯವನ್ನು ಹಂಚುತ್ತದೆ. ಆದರೆ ಅದು ಎಣಿಸುತ್ತಿದ್ದುದು ಕೆಲಸಗಳನ್ನು, ಜನರನ್ನಲ್ಲ. ಒಬ್ಬ ಒಂಬತ್ತು ಕೆಲಸ ಹೂಡಿ ಇನ್ನೊಬ್ಬ ಒಂದೇ ಹೂಡಿದರೆ, ಮೊದಲನೆಯವನಿಗೆ ನೂರಕ್ಕೆ ತೊಂಬತ್ತು ಪಾಲು. ಇದನ್ನು ಸರಿಪಡಿಸುವ ಕೆಲಸದಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಇಲ್ಲಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಶ್ರೀವತ್ಸ ವಡ್ಡಗಿರಿ ಅವರು ಗುಂಪುವಾರು ಹಂಚಿಕೆಯ ವಿಧಾನವನ್ನು ಬರೆದರು. 2008ರ ಜನವರಿಯಲ್ಲಿ ಬಂದ 2.6.24ನೇ ಆವೃತ್ತಿಯಲ್ಲಿ ಪ್ರತಿ ಬಳಕೆದಾರನನ್ನು ಒಂದು ಗುಂಪೆಂದು ಪರಿಗಣಿಸುವ ಸೌಲಭ್ಯವಿತ್ತು. ಆಗ ಮೇಲಿನ ಇಬ್ಬರಿಗೂ ಅರ್ಧರ್ಧ ಪಾಲು. ಸ್ಮೃತಿಗೆ ಮಿತಿ ಹಾಕುವ ವ್ಯವಸ್ಥೆಯನ್ನು ಭಾರತದ ಐಬಿಎಂನಲ್ಲೇ ಇದ್ದ ಬಲ್ಬೀರ್ ಸಿಂಗ್ ರೂಪಿಸಿದರು. ಅದು ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಮುಂದಿನ ಆವೃತ್ತಿಯಲ್ಲಿ ಸೇರಿತು. ಇಬ್ಬರ ಹೆಸರುಗಳೂ ಕರ್ನಲ್‌ನ ಮೂಲಪಾಠದ ತಲೆಬರಹದಲ್ಲಿ 2007ರ ಇಸವಿಯೊಡನೆ ದಾಖಲಾಗಿವೆ.

ಎರಡನೆಯ ಪ್ರಶ್ನೆ ಅಪ್ಪಣೆಯದು. ಇದು ಇನ್ನಷ್ಟು ಜಟಿಲ. ತೋರಿಕೆಯ ಯಂತ್ರಗಳನ್ನು ನಿಭಾಯಿಸಲು 2005ರಲ್ಲಿ ಆರಂಭವಾದ ಲಿಬ್‌ವರ್ಟ್ ಎಂಬ ತಂತ್ರಾಂಶದಲ್ಲಿ ಎರಡು ಮಾರ್ಗಗಳಿವೆ. ‘ಸಿಸ್ಟಮ್’ ಮಾರ್ಗದಲ್ಲಿ ರೂಟ್ ಅಧಿಕಾರವುಳ್ಳ ಸೇವೆಯೊಂದು ಎಲ್ಲರ ಯಂತ್ರಗಳನ್ನೂ ನಡೆಸುತ್ತದೆ. ‘ಸೆಷನ್’ ಮಾರ್ಗದಲ್ಲಿ ಯಂತ್ರವು ಬಳಕೆದಾರನ ಹೆಸರಿನಲ್ಲೇ, ಅವನ ಹಕ್ಕುಗಳಷ್ಟರಲ್ಲೇ ಓಡುತ್ತದೆ.

ಸೆಷನ್ ಮಾರ್ಗದ ಕೊರತೆ ಇರುವುದು ಜಾಲ ಸಂಪರ್ಕದಲ್ಲಿ. ಗಣಕದ ಜಾಲವನ್ನು ಬದಲಿಸುವ ಹಕ್ಕು ಸಾಮಾನ್ಯನಿಗಿಲ್ಲ. ಇದಕ್ಕೆ ಬಹುಕಾಲ ಬಳಕೆಯಾದ ಉಪಾಯ ‘ಸ್ಲರ್ಪ್’ ಎಂಬ 1990ರ ದಶಕದ ತಂತ್ರಾಂಶ. ಬರಿಯ ಅಕ್ಷರಗಳ ಶೆಲ್ ಖಾತೆಯ ಮೂಲಕವೇ ಅಂತರಜಾಲ ತಲುಪಲೆಂದು ಅದನ್ನು ಬರೆಯಲಾಗಿತ್ತು. 1995ರ ಆಗಸ್ಟ್ 15ರಂದು ಭಾರತದಲ್ಲಿ ಅಂತರಜಾಲ ಸೇವೆ ಆರಂಭಿಸಿದ ವಿಎಸ್‌ಎನ್‌ಎಲ್ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದುದು ಇಂಥ ಖಾತೆಗಳನ್ನೇ. ಸ್ಲರ್ಪ್ ಬಳಸಿದ ಯಂತ್ರ ಹೊರಗಿನ ಜಗತ್ತನ್ನು ತಲುಪುತ್ತದೆ. ಹೊರಗಿನವರು ಅದನ್ನು ತಲುಪುವುದು ಸುಲಭವಲ್ಲ.

ಈ ಕಿರಿಕಿರಿ ತಪ್ಪಿಸಲು ಬಳಕೆದಾರನನ್ನು ‘ಲಿಬ್‌ವರ್ಟ್’ ಗುಂಪಿಗೆ ಸೇರಿಸಿ ಸಿಸ್ಟಮ್ ಮಾರ್ಗವನ್ನು ತೆರೆದುಬಿಡುವುದು ಸುಲಭ. ನೋಡಲು ಇದು ಸಣ್ಣ ಅನುಮತಿ. ವಾಸ್ತವವಾಗಿ ಆ ಗುಂಪಿನವನು ಗಣಕದ ಮೂಲ ಡಿಸ್ಕನ್ನೇ ತನ್ನ ಯಂತ್ರಕ್ಕೆ ಜೋಡಿಸಿಕೊಂಡು ಎಲ್ಲರ ಕಡತಗಳನ್ನೂ ಓದಬಲ್ಲ, ತಿದ್ದಬಲ್ಲ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಹೀಗೆ ಮಾಡಿದರೆ, ಒಬ್ಬ ವಿದ್ಯಾರ್ಥಿಗೆ ಅಭ್ಯಾಸಕ್ಕೆಂದು ಕೊಟ್ಟ ಸೌಕರ್ಯವೇ ಉಳಿದವರ ವರ್ಷಗಳ ಶ್ರಮಕ್ಕೆ ಕುತ್ತಾಗಬಹುದು.

ನಡುವಿನ ದಾರಿಗಳೂ ಇವೆ. ಯಾವ ಜಾಲಕ್ಕೆ ಮಾತ್ರ ಸೇರಬಹುದೆಂದು ನಿರ್ವಾಹಕ ಮೊದಲೇ ಬರೆದಿಟ್ಟರೆ, ಚಿಕ್ಕ ಸಹಾಯಕ ತಂತ್ರಾಂಶವೊಂದು ಸೆಷನ್ ಯಂತ್ರವನ್ನು ಅಷ್ಟಕ್ಕೆ ಮಾತ್ರ ಜೋಡಿಸುತ್ತದೆ. 2013ರಿಂದ ಲಿಬ್‌ವರ್ಟ್‌ನಲ್ಲಿ ಇಂಥ ಬಳಕೆದಾರ, ಇಂಥ ಯಂತ್ರ, ಇಂಥ ಕ್ರಿಯೆ ಎಂದು ಬಿಡಿಬಿಡಿಯಾಗಿ ನಿಯಮ ಬರೆಯಲೂ ಸಾಧ್ಯವಾಗಿದೆ. ವಿಎಂ/370ರ ದರ್ಜೆಗಳು ಸಾಧಿಸಿದ್ದನ್ನು ಲಿನಕ್ಸ್ ನಾಲ್ಕು ದಶಕಗಳ ಬಳಿಕ ಹೀಗೆ ಮರಳಿ ಕಟ್ಟಿಕೊಂಡಿತು.

ನಿಯಮ ಬರೆದ ಮಾತ್ರಕ್ಕೆ ಗೋಡೆ ಗಟ್ಟಿಯಾಗುವುದಿಲ್ಲ ಎಂಬುದಕ್ಕೆ 2015ರ ಮೇ ತಿಂಗಳಲ್ಲಿ ಬಯಲಾದ ‘ವೆನಮ್’ ಎಂಬ ದೋಷ ಸಾಕ್ಷಿ. ಯಂತ್ರಾಂಶವನ್ನು ಅನುಕರಿಸುವ ಕ್ಯೂಇಎಂಯು ತಂತ್ರಾಂಶದಲ್ಲಿ, ಯಾರೂ ಬಳಸದ ಫ್ಲಾಪಿ ಡ್ರೈವಿನ ಭಾಗದಲ್ಲಿ, ಅದು ವರ್ಷಗಳಿಂದ ಅಡಗಿತ್ತು. ಅದರ ಮೂಲಕ ತೋರಿಕೆಯ ಯಂತ್ರದಿಂದ ಹೊರಬಂದು ಆತಿಥೇಯ ಗಣಕಕ್ಕೆ ನುಗ್ಗುವ ಅಪಾಯವಿತ್ತು. ನುಗ್ಗಿದವನ ಕೈಗೆ ಸಿಗುವುದು ಆ ಯಂತ್ರ ಯಾರ ಹೆಸರಿನಲ್ಲಿ ಓಡುತ್ತಿತ್ತೋ ಅವರ ಅಧಿಕಾರ. ಅದು ರೂಟ್ ಆಗಿದ್ದರೆ ಇಡೀ ಗಣಕ. ಸಾಮಾನ್ಯ ಬಳಕೆದಾರನಾಗಿದ್ದರೆ ಅವನೊಬ್ಬನ ಪಾಲು. ಸೆಷನ್ ಮಾರ್ಗದ ಕಿರಿಕಿರಿಯನ್ನು ಸಹಿಸಿಕೊಳ್ಳುವ ನಿರ್ವಾಹಕರು ಉಳಿಸಿಕೊಳ್ಳುತ್ತಿರುವುದು ಈ ವ್ಯತ್ಯಾಸವನ್ನೇ.