ಜಾವಾದಿಂದ ಟಿವಿಎಸ್‌ವರೆಗೆ: ಗಾಡಿ ಕಲಿಯೋ ಧೈರ್ಯ ಬಂದ ಬಗೆ

ನಮ್ಮ ಊರುಗಳಲ್ಲಿ ಬೈಕ್ ಕಲಿಸೋಕೆ ಶಾಲೆ ಇರಲಿಲ್ಲ. ಅಣ್ಣನೋ ಮಾವನೋ ಹಿಂದೆ ಕೂತು, ಕೊಯ್ಲು ಮುಗಿದ ಬಯಲಲ್ಲಿ ಕಲಿಸಿದ್ದೇ ಪಾಠ. ಆದರೆ ಕಲಿಯುವವರಿಗೆ ಎಷ್ಟು ಭಯ ಆಗಬೇಕು ಅನ್ನೋದನ್ನು ಅಂದಂದಿನ ಗಾಡಿಯೇ ತೀರ್ಮಾನ ಮಾಡುತ್ತಿತ್ತು.

ಮೊದಲು ಮೈಸೂರಿನ ಗಾಡಿ. 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಂಪನಿ, ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಮೈಸೂರಿನಲ್ಲಿ ತಯಾರಿಸಿತು. ಅದೇ ಮುಂದೆ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದರಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ತಿರುಗಿಸಿ ಗೇರ್ ಹಾಕಬೇಕು. ಗೇರ್ ಒತ್ತಿದರೆ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಅನುಕೂಲ ಇತ್ತು ನಿಜ. ಆದರೂ ಗಾಡಿ ಭಾರ. ಬಿದ್ದರೆ ಒಬ್ಬರೇ ಎತ್ತೋದು ಕಷ್ಟ. ಹೊಸಬರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಯಾರೂ ಸುಲಭಕ್ಕೆ ಕೀ ಕೊಡುತ್ತಿರಲಿಲ್ಲ.

1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಇಬ್ಬರು ಕೂರಬಹುದಾದ ಮೊಪೆಡ್. ಗೇರ್ ಇಲ್ಲ, ಕ್ಲಚ್ ಹಿಡಿಯೋ ಕೆಲಸ ಇಲ್ಲ. ಸೈಕಲ್ ಬಂದವರಿಗೆ ಅರ್ಧ ವಿದ್ಯೆ ಬಂದ ಹಾಗೇ. ಕಾಲು ನೆಲಕ್ಕೆ ಸಿಗುತ್ತದೆ, ಸೀರೆ ಉಟ್ಟು ಕೂರಬಹುದು, ಹಾಲಿನ ಕ್ಯಾನು, ಹುಲ್ಲಿನ ಹೊರೆ ಇಡಬಹುದು. ಧೈರ್ಯ ಬರೋಕೆ ದೊಡ್ಡ ಗಾಡಿ ಬೇಕಿಲ್ಲ, ಕೈಗೆ ಬಗ್ಗುವ ಗಾಡಿ ಸಾಕು ಅಂತ ಅದು ತೋರಿಸಿತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಹಗುರವಾದ ಫೋರ್ ಸ್ಟ್ರೋಕ್ ಬೈಕು. ಪೆಟ್ರೋಲಿಗೆ ಆಯಿಲ್ ಬೆರೆಸೋ ತಲೆನೋವೂ ಅದರಲ್ಲಿ ಇರಲಿಲ್ಲ.

ಹೀಗೆ ಗಾಡಿ ಓಡಿಸೋದು ಸುಲಭವಾಗುತ್ತಾ ಬಂತು. ನಿಲ್ಲಿಸೋದನ್ನು ಮಾತ್ರ ನಮಗೆ ಸರಿಯಾಗಿ ಕಲಿಸಿದವರು ಕಡಿಮೆ. "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಆಗ್ತೀಯ" ಅನ್ನೋ ಮಾತು ಇವತ್ತಿಗೂ ಹಳ್ಳಿಗಳಲ್ಲಿ ಇದೆ. ಅದು ಅರ್ಧ ಸತ್ಯ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಹಾಗಾಗಿ ಗಾಡಿ ನಿಲ್ಲಿಸೋ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿಗೇ ಇದೆ. ಹಿಂದಿನದನ್ನೇ ನಂಬಿದರೆ ಗಾಡಿ ದೂರ ಹೋಗಿ ನಿಲ್ಲುತ್ತದೆ. ಆದರೆ ಮರಳು, ಕೆಸರು, ಒಕ್ಕಣೆಗೆ ರಸ್ತೆ ಮೇಲೆ ಹರಡಿದ ರಾಗಿ ಹುಲ್ಲು, ಇವುಗಳ ಮೇಲೆ ಮುಂದಿನದನ್ನು ಒಮ್ಮೆಲೇ ಅದುಮಿದರೆ ಜಾರೋದು ಖಂಡಿತ. ಇಂಥ ಕಡೆ ಮೊದಲೇ ನಿಧಾನ ಮಾಡಬೇಕು.

ಸರ್ಕಾರಕ್ಕೂ ಇದು ಅರಿವಾಗಿದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಆದರೂ ಇರಬೇಕು ಅಂತ ಆಗ ನಿಯಮ ಬಂತು. ಆದರೆ ಮನೆಯ ಹಳೇ ಗಾಡಿಯಲ್ಲಿ ಕಲಿಯುವ ಮಕ್ಕಳಿಗೆ ಇವೆರಡೂ ಇಲ್ಲ.

ಎಲ್‌ಎಲ್‌ಆರ್ ಸಿಕ್ಕ ಮೇಲೆ ಡಿಎಲ್ ಪರೀಕ್ಷೆಗೆ ಕನಿಷ್ಠ 30 ದಿನ ಕಾಯಬೇಕು. ಆ ದಿನಗಳನ್ನು ಸುಮ್ಮನೆ ಕಳೆಯಬೇಡಿ. ಹೆಲ್ಮೆಟ್ ಹಾಕಿ ಖಾಲಿ ಬಯಲಿಗೆ ಹೋಗಿ. ನೆಲಕ್ಕೊಂದು ಗೆರೆ ಎಳೆದು, ನಿಧಾನ ವೇಗದಲ್ಲಿ ಬಂದು, ಎರಡೂ ಬ್ರೇಕನ್ನು ಹಂತ ಹಂತವಾಗಿ ಹಿಡಿದು ಆ ಗೆರೆಗೇ ನಿಲ್ಲಿಸಿ. ಕಲಿಸುವ ಅಣ್ಣಂದಿರೂ ಮೊದಲ ದಿನವೇ ಇದನ್ನು ಹೇಳಿಕೊಡಲಿ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಲ್ಲೆ ಅನ್ನೋ ನಂಬಿಕೆ ಬಂದರೆ, ಓಡಿಸುವ ಧೈರ್ಯ ತಾನಾಗಿ ಬರುತ್ತದೆ.